ಸೋಡಿಯಮ್ಮಿಗೆ ಕುಂಕುಮ

ಹೊಸದುರ್ಗದ ಅರ್ಧ ಗಂಡಸರ ಕಿವಿ ಹಿಂಡಿದ ಕೈ ನಮ್ಮ ಮಾವನವರದು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಸಂತೆಯಲ್ಲಿ ತಕ್ಕಡಿ ಹಿಡಿದು ಕೂತವನೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಅಷ್ಟು ಜನಕ್ಕೆ ಪಾಠ ಹೇಳಿದವರು ಮನೆಗೆ ಬಂದ ಸೊಸೆಯ ಜೊತೆ ಮಾತ್ರ ಒಂದು ಮಾತೂ ಆಡುವಂತಿರಲಿಲ್ಲ. ಆಗಿನ ಪದ್ಧತಿ ಅದು. ಮಾವ ಬಂದರೆ ಸೊಸೆ ಬಾಗಿಲ ಮರೆಗೆ ಸರಿಯಬೇಕು, ಮಾವ ಕೆಮ್ಮಿ ಒಳಗೆ ಕಾಲಿಡಬೇಕು, ಇಬ್ಬರಲ್ಲಿ ಯಾರಿಗೆ ಏನು ಹೇಳುವುದಿದ್ದರೂ ಅದನ್ನು ಅತ್ತೆಯ ಕಿವಿಗೆ ಹಾಕಬೇಕು. ಇಂಥ ಮನೆಯಲ್ಲಿ ನಾನು ಮಾವನವರಿಂದ ಕೆಮಿಸ್ಟ್ರಿ ಕಲಿತೆ. ಹೇಗೆ ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಈಗ ಬರೆದೇ ಬಿಡುತ್ತೇನೆ.

ಎಪ್ಪತ್ತರ ದಶಕ. ಎರಡು ವರ್ಷದ ಪಿಯುಸಿ ಆಗಿನ್ನೂ ಹೊಸದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವಳಾದ ನಾನು ಚಿತ್ರದುರ್ಗದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿ, ಉಳಿದ ಎಲ್ಲದರಲ್ಲೂ ಪಾಸಾಗಿ, ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದೆ. ಅಪ್ಪ ಅದನ್ನು ದೇವರೇ ಕೊಟ್ಟ ಸೂಚನೆ ಎಂದುಕೊಂಡು ಗಂಡು ಹುಡುಕಲು ಹೊರಟರು. ನೋಡಲು ಬಂದ ದಿನ ಮಾವನವರು ಜಾತಕ ಕೇಳಲಿಲ್ಲ, ಅಡಿಗೆ ಬರುತ್ತದಾ ಎನ್ನಲಿಲ್ಲ. "ಯಾವುದ್ರಲ್ಲಿ ಹೋಗೈತೆ?" ಎಂದು ಕೇಳಿದರು. ಅಪ್ಪ ತಲೆ ತಗ್ಗಿಸಿ "ಕೆಮಿಸ್ಟ್ರಿ" ಎಂದರು. ಮಾವನವರ ಮುಖ ಲಾಟರಿ ಹೊಡೆದವರ ಹಾಗೆ ಅರಳಿತು. "ಅದು ನನ್ನ ಮೇಲಿರ್ಲಿ ಬಿಡ್ರಿ. ಅಕ್ಟೋಬರಿಗೆ ಪರೀಕ್ಷೆ ಕಟ್ಟಿಸ್ತೀನಿ, ಪಾಸಾದ್ರೆ ಚಿತ್ರದುರ್ಗದಾಗೆ ಬಿಎಸ್ಸಿಗೆ ಸೇರಿಸ್ತೀನಿ" ಎಂದರು. ನಾನು ಒಪ್ಪಿದ್ದು ಆ ಮಾತಿಗೆ. ಹುಡುಗನನ್ನು ಸರಿಯಾಗಿ ನೋಡಿದ್ದು ಆಮೇಲೆ. ಅವರು ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರಾದ್ದರಿಂದ ಈ ಕಥೆಯಲ್ಲಿ ಅವರ ಪಾತ್ರ ಇಷ್ಟೇ.

ಮದುವೆಯಾಗಿ ಬಂದ ಮೇಲೆ ಗೊತ್ತಾಯಿತು, ಮಾವನವರು ಮಾತು ಕೊಟ್ಟಿದ್ದರೇ ಹೊರತು ಪಾಠ ಹೇಗೆ ಹೇಳುವುದೆಂದು ಯೋಚಿಸಿರಲಿಲ್ಲ. ಒಂದು ವಾರ ಪಡಸಾಲೆಯಲ್ಲಿ ಶತಪಥ ಹಾಕಿದರು. ಕೊನೆಗೆ ಒಂದು ಸಂಜೆ ಪಡಸಾಲೆಯ ಬೆಂಚಿನ ಮೇಲೆ ಬೀದಿಗೆ ಮುಖ ಮಾಡಿ ಕೂತು ಅತ್ತೆಯನ್ನು ಕರೆದರು.

"ಲೇ, ಇಲ್ಲಿ ಬಾ. ಆ ಹುಡುಗೀಗೆ ಹೇಳು, ಯಾವ ಪಾಠ ತಿಳಿವಲ್ದು ಅಂತ ಕೇಳು."

ನಾನು ನಡುಮನೆಯಲ್ಲಿ, ಬಾಗಿಲ ಮರೆಯಲ್ಲಿ. ಹೊಸಿಲ ಮೇಲೆ ಕೂರಬಾರದೆಂದು ಅತ್ತೆ ಹೊಸಿಲಿಗೆ ಆತುಕೊಂಡು, ಹತ್ತಿಯ ಬುಟ್ಟಿ ಮಡಿಲಲ್ಲಿಟ್ಟು ಬತ್ತಿ ಹೊಸೆಯುತ್ತ ಕೂತರು. ಕೈಯಳತೆಯ ದೂರದಲ್ಲಿದ್ದ ಮಾವನವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಅತ್ತೆ ನನ್ನ ಕಡೆ ತಿರುಗಿ "ಯಾವ ಪಾಠ ತಿಳಿವಲ್ದು ಅಂತ ಕೇಳ್ತಾರೆ ಕಣವ್ವ" ಎಂದರು. ನಾನು ನಿವ್ವಳ ಅಯಾನು ಸಮೀಕರಣ ಎಂದೆ. ಅತ್ತೆ ಬೆಂಚಿನ ಕಡೆ ತಿರುಗಿ, "ಅದೇನೋ ನಿವ್ವಳ ಅಂತಾಳೆ ನೋಡ್ರಿ" ಎಂದು ದಾಟಿಸಿದರು.

ಹೀಗೆ ಶುರುವಾಯಿತು. ಸ್ಲೇಟು ಮಾವನವರ ಕೈಯಿಂದ ಅತ್ತೆಯ ಕೈಗೆ, ಅತ್ತೆಯ ಕೈಯಿಂದ ನನ್ನ ಕೈಗೆ. ನಾನು ಬರೆದು ಕೊಟ್ಟರೆ ಅದೇ ದಾರಿಯಲ್ಲಿ ವಾಪಸ್ಸು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೊದಲ ದಿನಗಳಲ್ಲಿ ಸ್ಲೇಟನ್ನು ತಲೆಕೆಳಗಾಗಿ ಕೊಡುತ್ತಿದ್ದರು, ಮಾವನವರು ಅದನ್ನು ತಲೆಕೆಳಗಾಗಿಯೇ ನೋಡಿ "ತಪ್ಪು" ಎನ್ನುತ್ತಿದ್ದರು.

ಮೊದಲ ಪಾಠಕ್ಕೆ ಬೇಕಾದ ಸಾಮಾನು ಅಡಿಗೆಮನೆಯಲ್ಲೇ ಸಿಕ್ಕಿತು. ಅತ್ತೆ ಎಲೆಗೆ ಹಚ್ಚಿಕೊಳ್ಳುವ ಸುಣ್ಣವನ್ನು ನೀರಲ್ಲಿ ಕದಡಿ ಬಿಟ್ಟು, ಮೇಲಿನ ತಿಳಿಯನ್ನು ಒಂದು ಗಾಜಿನ ಲೋಟಕ್ಕೆ ಬಸಿಯಲಾಯಿತು. ಬಟ್ಟೆ ಒಗೆಯುವ ಸೋಡ ಕರಗಿಸಿದ ನೀರು ಇನ್ನೊಂದು ಲೋಟದಲ್ಲಿ. ಎರಡೂ ಕನ್ನಡಿಯಂತೆ ತಿಳಿ. ಮಾವನವರು ಒಂದನ್ನು ಇನ್ನೊಂದಕ್ಕೆ ಸುರಿದದ್ದೇ ತಡ, ಲೋಟದ ತುಂಬ ಬೆಳ್ಳಗೆ ಎದ್ದು, ಮೆಲ್ಲಗೆ ತಳಕ್ಕೆ ಇಳಿಯತೊಡಗಿತು.

"ಅಯ್ಯ, ಹಾಲೊಡೆದಂಗಾತು!" ಎಂದರು ಅತ್ತೆ.

"ಒಡೆದಿಲ್ಲ, ಕೂಡೈತೆ" ಎಂದರು ಮಾವ. "ಹೇಳು ಆ ಹುಡುಗೀಗೆ. ಸುಣ್ಣದ ನೀರಿನಾಗೆ ಇಬ್ಬರು ಇದ್ರು, ಕ್ಯಾಲ್ಸಿಯಂ, ಹೈಡ್ರಾಕ್ಸೈಡು. ಸೋಡದ ನೀರಿನಾಗೆ ಇಬ್ಬರು, ಸೋಡಿಯಂ, ಕಾರ್ಬೊನೇಟು. ಈ ಸೋಡಿಯಂ ಎಲ್ಲೋದ್ರೂ ಜೋಡಿಯಾಗೇ ಬರ್ತೈತೆ. ನೀರಿಗೆ ಬಿದ್ದ ಮ್ಯಾಲೆ ಎಲ್ಲಾ ಬಿಡಿಬಿಡಿಯಾಗಿ ಓಡಾಡ್ತಿರ್ತಾರೆ. ಈಗ ಕ್ಯಾಲ್ಸಿಯಮ್ಮೂ ಕಾರ್ಬೊನೇಟೂ ಕೈ ಹಿಡ್ಕಂಡು ತಳಕ್ಕೆ ಕುಂತ್ವು. ಮಿಕ್ಕ ಇಬ್ಬರು ಮೊದಲು ಹೆಂಗಿದ್ರೋ ಹಂಗೇ ಅವ್ರೆ. ಮೊದಲು ಎಲ್ಲರ ಹೆಸರೂ ಬರೀಲಿ. ಆಮೇಲೆ ಹಂಗೇ ಉಳಿದೋರನ್ನ ಎರಡೂ ಕಡೆ ಹೊಡೆದು ಹಾಕ್ಲಿ. ಉಳಿದದ್ದೇ ನಿವ್ವಳ."

ಇದಕ್ಕೆ ಮಾವನವರು ಕೊಟ್ಟ ಉದಾಹರಣೆ ಭೀಮಸಮುದ್ರದ ಅಡಿಕೆ ವ್ಯಾಪಾರದ್ದು. ಅಡಿಕೆಯನ್ನು ಗೋಣಿಯ ಸಮೇತ ತೂಗುತ್ತಾರೆ, ಆಮೇಲೆ ಗೋಣಿಯ ತೂಕ ಕಳೆಯುತ್ತಾರೆ, ಉಳಿದದ್ದು ನಿವ್ವಳ ತೂಕ. ಕಾಲೇಜಿನಲ್ಲಿ ನಾನು ಒಂದು ವರ್ಷ ಬಾಯಿಪಾಠ ಮಾಡಿದ್ದ ವಿಷಯ ಆ ಒಂದು ಮಾತಿಗೆ ತಲೆಗೆ ಹತ್ತಿತು. ಅತ್ತೆಗೆ ಮಾತ್ರ ಹತ್ತಲಿಲ್ಲ.

"ಗೋಣಿ ಇಲ್ದಿದ್ರೆ ಅಡಿಕೇನ ಸೆರಗಿನಾಗೆ ಕಟ್ಕಂಡು ಬರ್ತಿದ್ರಾ?" ಎಂದು ಕೇಳಿದರು.

"ಗೋಣಿ ಬೇಕು ಕಣೇ. ಲೆಕ್ಕಕ್ಕೆ ಬ್ಯಾಡ, ಅಷ್ಟೇ."

"ಹಂಗಾದ್ರೆ ಈ ಮನ್ಯಾಗೆ ನಾನೂ ಗೋಣೀನೇ ಬಿಡ್ರಿ" ಎಂದು ಅತ್ತೆ ನಕ್ಕರು. ನಾನೂ ಬಾಗಿಲ ಹಿಂದೆ ನಕ್ಕೆ. ಮಾವನವರು ಬೀದಿ ನೋಡುತ್ತಿದ್ದರು, ನಕ್ಕರೋ ಇಲ್ಲವೋ ಕಾಣಿಸಲಿಲ್ಲ.

ತೊಡಕು ಬಂದದ್ದು ಹೊಡೆದು ಹಾಕುವಾಗ. ಆಗ ತಾನೇ ದೇವರ ಮುಂದೆ ದೀಪ ಹಚ್ಚಿದ್ದರು. ನಾನು ಬಳಪ ಎತ್ತಿ ಸೋಡಿಯಮ್ಮಿನ ಮೇಲೆ ಗೀಟು ಎಳೆಯಬೇಕು, ಅತ್ತೆ ಸ್ಲೇಟು ಕಿತ್ತುಕೊಂಡರು.

"ದೀಪ ಹಚ್ಚಿದ ಹೊತ್ತಿನಾಗೆ ಹೊಡೀರಿ, ಹಾಕ್ರಿ ಅಂತೀರಲ್ರಿ! ಮನೆಗೆ ಬಂದೋರು, ಗಲಾಟೆ ಮಾಡ್ದೆ ಹೆಂಗೆ ಬಂದ್ರೋ ಹಂಗೇ ಹೊಂಟವ್ರೆ. ಅಂಥೋರಿಗೆ ಗೀಟು ಎಳೆದು ಕಳಿಸ್ತಾರಾ?" ಎಂದವರೇ ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು, ನಾನು ತೋರಿಸಿದ ಕಡೆಯೆಲ್ಲ ಬೆರಳಿನಿಂದ ಒಂದೊಂದು ಬೊಟ್ಟಿಟ್ಟರು. ಕಪ್ಪು ಸ್ಲೇಟಿನ ಮೇಲೆ ಆ ಕೆಂಪು ಬೊಟ್ಟು ಎಷ್ಟು ಚೆಂದ ಕಾಣುತ್ತಿತ್ತೆಂದರೆ ಅಳಿಸಲು ನನಗೆ ಮನಸ್ಸೇ ಬರಲಿಲ್ಲ.

ಮಾವನವರು ಸ್ಲೇಟು ನೋಡಿ ಹಣೆ ಚಚ್ಚಿಕೊಂಡರು. "ಸೋಡಿಯಮ್ಮು ಮುತ್ತೈದೆ ಅಂತ ನಿಂಗೆ ಯಾರೇ ಹೇಳಿದ್ರು?"

"ಎಲ್ಲೋದ್ರೂ ಜೋಡಿಯಾಗೇ ಬರ್ತಾಳೆ ಅಂತ ನೀವೇ ಅಂದ್ರಲ್ರಿ. ಒಬ್ಬಳೇ ಬರಾದಿಲ್ಲ ಅಂದ ಮ್ಯಾಲೆ ಮುತ್ತೈದೆ ಅಲ್ದೆ ಇನ್ನೇನು?"

ಮೂವತ್ತು ವರ್ಷ ಮೇಷ್ಟ್ರಾಗಿದ್ದವರು ಬೊಟ್ಟಿನ ಸ್ಲೇಟನ್ನು ಹಾಗೇ ವಾಪಸ್ಸು ಕೊಟ್ಟು ಮುಂದಿನ ಲೆಕ್ಕ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಹಾಗೇ ಉಳಿಯುವವರನ್ನು, ಪುಸ್ತಕದ ಮಾತಿನಲ್ಲಿ ಪ್ರೇಕ್ಷಕ ಅಯಾನುಗಳನ್ನು, ಹೊಡೆದು ಹಾಕುವ ಪದ್ಧತಿ ನಿಂತು, ಬೊಟ್ಟಿಟ್ಟು ಕಳಿಸುವ ಪದ್ಧತಿ ಬಂತು. ಕುಂಕುಮ ದಂಡವಾಗುತ್ತದೆಂದು ಆಮೇಲಾಮೇಲೆ ಬಳಪದಲ್ಲೇ ಚುಕ್ಕೆ ಇಡುತ್ತಿದ್ದೆ. ಅತ್ತೆ ಅಕ್ಷರ ಕಲಿಯಲಿಲ್ಲ, ಆದರೆ ಮುಖ ಗುರುತು ಹಿಡಿಯತೊಡಗಿದರು. ಅಡ್ಡಪಟ್ಟಿ ಹೊಡೆದ ಬಾಗಿಲಿನಂತೆ ಕಾಣುವ ಇಂಗ್ಲಿಷಿನ ಎನ್ ಇದ್ದರೆ ಸೋಡಿಯಂ. ಕುಡುಗೋಲಿನಂಥ ಸಿ, ಪಕ್ಕದಲ್ಲೊಂದು ಕೋಲಿನಂಥ ಎಲ್ ಇದ್ದರೆ ಕ್ಲೋರೈಡು. ಬೇರಿಯಂ ಕ್ಲೋರೈಡಿಗೆ ಸೋಡಿಯಂ ಸಲ್ಫೇಟು ಹಾಕಿದ ಲೆಕ್ಕ ಬಂದರೆ, ಸ್ಲೇಟು ದಾಟಿಸುವ ಮೊದಲೇ "ಬಾಗಿಲೂ ಕುಡುಗೋಲೂ ಹೊರಡ್ತವೆ ಅಲ್ಲೇನವ್ವ?" ಎಂದು ಪಿಸುಗುಡುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಪಾಪ, ಅವರಿಗೆ ಅವೆರಡು ಬಿಟ್ಟರೆ ಬೇರೆ ಯಾರೂ ಗೊತ್ತಿರಲಿಲ್ಲ.

ಸಂಜೆಯ ಆ ಒಂದು ಗಂಟೆಯ ಪಾಠಕ್ಕೆ ಅತ್ತೆ ಮಧ್ಯಾಹ್ನದಿಂದಲೇ ಅಣಿಯಾಗುತ್ತಿದ್ದರು ಎಂದು ನನಗೆ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಬೇಗ ಅಡಿಗೆ ಮುಗಿಸಿ, ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕೂರುವರು. ನಾನು ಮೊದಲು ಇದು ಸೊಸೆಯ ವಿದ್ಯೆಯ ಮೇಲಿನ ಕಾಳಜಿ ಎಂದುಕೊಂಡು ಹಿಗ್ಗಿದ್ದೆ. ಆಮೇಲೆ ಗಮನಿಸಿದೆ. ಹಗಲೆಲ್ಲ ಮಾವನವರು ಅತ್ತೆಯೊಡನೆ ಆಡುತ್ತಿದ್ದ ಮಾತು "ಊಟ", "ನೀರು", "ಛತ್ರಿ ಎಲ್ಲೈತೆ" ಇಷ್ಟೇ. ಶಾಲೆಯಲ್ಲಿ ಗಂಟಲು ಹರಿಯುವಂತೆ ಮಾತಾಡಿದವರು ಮನೆಯಲ್ಲಿ ಬಾಯಿಗೆ ಬೀಗ. ಈಗ ದಿನಾ ಒಂದು ಗಂಟೆ ಪೂರ್ತಿ ಅವರು ಹೆಂಡತಿಯಾಗಿ ಅತ್ತೆಗೆ ಸಲ್ಲಬೇಕಾಗಿದ್ದ ಮಾತನ್ನೆಲ್ಲ ಸೇರಿಸಿ ಆಡುತ್ತಿದ್ದರು. ಬೇರಿಯಂ ಬಗ್ಗೆಯೇ ಆಗಲಿ, ಬೆಳ್ಳಿಯ ನೈಟ್ರೇಟಿನ ಬಗ್ಗೆಯೇ ಆಗಲಿ, "ನೋಡೇ", "ಕೇಳೇ", "ತಿಳೀತೇನೇ" ಎನ್ನುತ್ತಿದ್ದದ್ದು ಅವರನ್ನೇ.

ಒಂದು ದಿನ ಬತ್ತಿ ಹೊಸೆಯುತ್ತ ಅತ್ತೆ ನನ್ನನ್ನು ಕೇಳಿದರು. "ನೀನು ಪಾಸಾದ್ಮ್ಯಾಲೆ ಇದೆಲ್ಲಾ ನಿಂತೋಗ್ತೈತೇನವ್ವ?"

ನಾನು ಹೂಂ ಎಂದೆ. ಅವರು ಹತ್ತಿಯನ್ನು ಇನ್ನಷ್ಟು ನುಣ್ಣಗೆ ಹೊಸೆದರು. ಆಮೇಲೆ ತಾವೇ "ಪಾಸಾಗ್ಬೇಕು ಬಿಡು. ಅಷ್ಟು ಮಾತು ಕೊಟ್ಟವ್ರೆ" ಎಂದರು. ನನಗೆ ಆ ಹೊತ್ತಿಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತ್ತು. ಅತ್ತೆಯನ್ನು ಅಪ್ಪಿಕೊಳ್ಳುವ ಪದ್ಧತಿಯೂ ಇರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಮಾವನವರು ಒಂದು ಕಿಲಾಡಿ ಲೆಕ್ಕ ಕೊಟ್ಟರು. ಅಡಿಗೆ ಉಪ್ಪಿನ ನೀರಿಗೆ ಪೆಟ್ಲುಪ್ಪಿನ, ಅಂದರೆ ಪಟಾಕಿ ಮದ್ದಿಗೆ ಹಾಕುವ ಉಪ್ಪಿನ ನೀರು. ಬರೆದು ನೋಡಿದರೆ ಸೋಡಿಯಂ, ಕ್ಲೋರೈಡು, ಪೊಟ್ಯಾಸಿಯಂ, ನೈಟ್ರೇಟು, ನಾಲ್ಕೂ ಮೊದಲು ಹೇಗಿದ್ದವೋ ಹಾಗೇ. ಯಾರೂ ಯಾರ ಕೈಯೂ ಹಿಡಿಯಲಿಲ್ಲ, ತಳಕ್ಕೆ ಏನೂ ಕೂರಲಿಲ್ಲ. ನಾಲ್ಕಕ್ಕೂ ಬೊಟ್ಟಿಟ್ಟ ಮೇಲೆ ಕೆಳಗೆ ಬರೆಯಲು ಏನೂ ಉಳಿಯಲಿಲ್ಲ.

"ಏನೂ ಇಲ್ಲ, ಕ್ರಿಯೆ ನಡೆದಿಲ್ಲ ಅಂತ ಬರೀಲಿ" ಎಂದರು ಮಾವ.

ಅತ್ತೆ ಕಿವಿ ಮುಚ್ಚಿಕೊಂಡರು. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಇಲ್ಲ ಎಂಬ ಮಾತು ನಿಷಿದ್ಧ. ಅಕ್ಕಿ ಮುಗಿದಿದ್ದರೆ ಅಕ್ಕಿ ತುಂಬಿದೆ ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನಬೇಕು. ಅದರಲ್ಲೂ ಉಪ್ಪಿನ ವಿಷಯದಲ್ಲಿ, ಸಂಜೆ ಹೊತ್ತಿನಲ್ಲಿ, ಇಲ್ಲ ಎಂದು ಬರೆದಿಡುವುದೇ? "ಅದೆಲ್ಲಾ ಬ್ಯಾಡ. ಖಾಲಿ ಬಿಡ್ಲಿ. ತುಂಬೈತೆ ಅನ್ರಿ" ಎಂದು ಪಟ್ಟು ಹಿಡಿದರು. ಮಾವನವರು ಎರಡು ಸಲ ವಾದ ಮಾಡಿ, "ಆತು ಬಿಡು, ಹುಡುಗೀಗೆ ತಿಳೀತಲ್ಲ" ಎಂದು ಸೋತರು. ಅಂದಿನಿಂದ ಅಂಥ ಲೆಕ್ಕ ಬಂದಾಗಲೆಲ್ಲ ನಾನು ಕೆಳಗಿನ ಜಾಗ ಖಾಲಿ ಬಿಟ್ಟು ಸ್ಲೇಟು ಕೊಡುತ್ತಿದ್ದೆ, ಅತ್ತೆ ಅದನ್ನು ನೋಡಿ "ತುಂಬೈತೆ" ಎಂದು ಮಾವನವರಿಗೆ ದಾಟಿಸುತ್ತಿದ್ದರು, ಮಾವನವರು "ಸರಿ" ಎನ್ನುತ್ತಿದ್ದರು.

ಪರೀಕ್ಷೆಗೆ ಮೂವರೂ ಬೆಳಗಿನ ಬಸ್ಸು ಹತ್ತಿದೆವು. ಅತ್ತೆ ಬರಲೇಬೇಕಿತ್ತು. ಇಲ್ಲದಿದ್ದರೆ ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ನೀರು ಬೇಕಾ ಎಂದು ನನ್ನನ್ನು ಕೇಳುವವರು ಯಾರು, ಬೇಕು ಎಂದು ಮಾವನವರಿಗೆ ಹೇಳುವವರು ಯಾರು? ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಅತ್ತೆ ಹೊಸ ಸೀರೆಯುಟ್ಟು ಬಂದಿದ್ದರು. ಚಿತ್ರದುರ್ಗದಲ್ಲಿ ಕೋಟೆಯ ಕಡೆ ತಲೆ ಎತ್ತಿಯೂ ನೋಡದೆ ಕಾಲೇಜಿನ ಗೇಟನ್ನೇ ನೋಡುತ್ತ ನಿಂತರು. "ಬಾಗಿಲೂ ಕುಡುಗೋಲೂ ಮರೀಬ್ಯಾಡ" ಎಂದು ನನ್ನ ಕಿವಿಯಲ್ಲಿ ಹೇಳಿ ಒಳಗೆ ಕಳಿಸಿದರು.

ಪ್ರಶ್ನೆಪತ್ರಿಕೆ ನೋಡಿದಾಗ ನನ್ನ ಎದೆ ಹಗುರವಾಯಿತು. ನಿವ್ವಳ ಸಮೀಕರಣಗಳೇ ಸಾಲಾಗಿ ಬಂದಿದ್ದವು. ಬರೆದೆ, ಬೊಟ್ಟಿಟ್ಟೆ, ಕೆಳಗೆ ನಿವ್ವಳ ಬರೆದೆ. ಕೊನೆಯಲ್ಲಿ ಉಪ್ಪು ಮತ್ತು ಪೆಟ್ಲುಪ್ಪು. ನಾಲ್ಕಕ್ಕೂ ಬೊಟ್ಟಿಟ್ಟು, ಕೆಳಗೆ ಖಾಲಿ ಬಿಟ್ಟು, ಮನಸ್ಸಿನಲ್ಲೇ ತುಂಬೈತೆ ಎಂದುಕೊಂಡು ಮುಂದಿನ ಪುಟಕ್ಕೆ ಹೋದೆ. ಒಂದು ಗಳಿಗೆಯೂ ಅನುಮಾನ ಬರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ಕಾಯುತ್ತಿದ್ದರು. ನಾನು ಬೀಗುತ್ತ ಬಂದು ಅತ್ತೆಗೆ ಹೇಳಿದೆ. "ಎಲ್ಲಾ ಬಂದಿತ್ತು ಅತ್ತೆ. ಉಪ್ಪಿಂದೂ ಬಂದಿತ್ತು, ತುಂಬೈತಲ್ಲ, ಹಂಗೇ ಬಿಟ್ಟೆ."

ಮಾವನವರು ಗಿರ್ರನೆ ತಿರುಗಿದರು. "ಖಾಲಿ ಬಿಟ್ಟು ಬಂದೆಯೇನಮ್ಮ?"

ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ನಾನೂ ಅವರ ಮುಖ ನೋಡಿಯೇ "ಹೂಂ ಮಾವ" ಎಂದೆ. ಹೇಳುವಾಗಲೇ ನನಗೆ ತಪ್ಪು ಹೊಳೆಯಿತು. ಪೇಪರು ನೋಡುವವರಿಗೆ ನಮ್ಮ ಮನೆಯ ದೀಪದ ಹೊತ್ತಿನ ಕಟ್ಟಳೆ ಎಲ್ಲಿ ಗೊತ್ತು? ಅವರು ಉತ್ತರ ಬಾರದೆ ಬಿಟ್ಟಿದ್ದಾಳೆ ಎಂದು ಸೊನ್ನೆ ಸುತ್ತುತ್ತಾರೆ.

"ಬೇರಿಯಮ್ಮಿಂದು ಬರೆದ್ಯಾ?"

"ಬರೆದೆ ಮಾವ."

"ಧನ, ಋಣ ಗುರುತು ಹಾಕಿದ್ಯಾ? ಬೆಳ್ಳೀದು? ಅದಕ್ಕೂ ಚುಕ್ಕೇನೇ ಇಟ್ಯಾ, ಗೀಟು ಎಳೀಲಿಲ್ವಾ?"

"ಚುಕ್ಕೇನೇ ಇಟ್ಟೆ. ಆದ್ರೆ ನಿವ್ವಳ ಬರೆದೀನಿ ಮಾವ, ತಳಕ್ಕೆ ಕುಂತಿದ್ದಕ್ಕೆ ಬಾಣಾನೂ ಹಾಕೀನಿ."

ಒಂದೊಂದೇ ಪ್ರಶ್ನೆ ತೆಗೆದು ಅವರು ಕೇಳಿದರು, ನಾನು ಹೇಳಿದೆ. ಸುಣ್ಣದ ತಿಳಿಗೆ ಸೋಡ ಬಿದ್ದ ಹಾಗೆ ಎಷ್ಟು ದಿನದಿಂದಲೋ ಕಾದಿದ್ದ ಮಾತು ಒಮ್ಮೆಗೇ ಕೂಡಿತು. ನಡುವೆ ನಿಂತಿದ್ದ ಅತ್ತೆಯ ಮುಖ ಅವರ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ತಿರುಗುತ್ತಲೇ ಇತ್ತು. ಏನೋ ದಾಟಿಸಲೆಂದು ಬಾಯಿ ತೆರೆದು, ಅದು ಆಗಲೇ ದಾಟಿಹೋಗಿದೆ ಎಂದು ಗೊತ್ತಾಗಿ ಮುಚ್ಚಿದರು. ಬುತ್ತಿಯ ಗಂಟು ಅವರ ಕೈಯಲ್ಲೇ ಇತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತು "ನನ್ನ ಬಾಯಿಂದ ಆತು ಕಣವ್ವ. ನಾನೇ ಇಲ್ಲ ಅನ್ನಬ್ಯಾಡ ಅಂದಿದ್ದು" ಎಂದರು. ಒಂದೇ ಪ್ರಶ್ನೆ ತಾನೇ ಅತ್ತೆ, ಹೋದರೆ ಹೋಗಲಿ ಎಂದೆ. ಅವರು ಕಣ್ಣೊರೆಸಿಕೊಂಡದ್ದು ಆ ಪ್ರಶ್ನೆಗೆ ಮಾತ್ರವಲ್ಲ ಎಂದು ನನಗೆ ಅನ್ನಿಸಿತು.

ಫಲಿತಾಂಶ ಬಂತು. ಪಾಸಾಗಿದ್ದೆ, ಹಗ್ಗದ ಮೇಲೆ ನಡೆದು ದಾಟಿದವಳ ಹಾಗೆ, ಆದರೂ ಪಾಸು. ಮಾವನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಬರುವ ಜೂನಿಗೆ ಬಿಎಸ್ಸಿ ಎಂದು ನಿರ್ಧಾರವಾಯಿತು. ಅಲ್ಲಿಯವರೆಗೆ ಸುಮ್ಮನೆ ಕೂರುವುದೇಕೆ ಎಂದು ಬಿಎಸ್ಸಿಯ ಪುಸ್ತಕ ಎಲ್ಲಿಂದಲೋ ತಂದು ಸಂಜೆಯ ಪಾಠ ಮತ್ತೆ ಶುರು ಮಾಡಿದರು. ಈ ಸಲ ಬೆಂಚು ಒಳಗೆ ತಿರುಗಿತ್ತು. ನಾನು ಬಾಗಿಲ ಮರೆಯಿಂದ ಈಚೆ ಬಂದು ಚಾಪೆಯ ಮೇಲೆ ಕೂತಿದ್ದೆ. ಬೀದಿಯವರು ಏನಂದರೂ ಅನ್ನಲಿ ಎಂದು ಮಾವನವರು ಗಟ್ಟಿ ಮಾಡಿಕೊಂಡಿದ್ದರು. "ನೋಡಮ್ಮ, ಹಿಂದೆ ಹೇಳಿದ್ದು ನೆನಪೈತಾ?" ಎಂದು ನನ್ನನ್ನೇ ಕೇಳಿದರು.

ಅತ್ತೆ ಹತ್ತಿಯ ಬುಟ್ಟಿ ಹಿಡಿದು ಬಂದವರು ಹೊಸಿಲ ಹತ್ತಿರ ಒಂದು ಕ್ಷಣ ನಿಂತರು. ತಲೆ ಬಾಚಿಕೊಂಡಿದ್ದರು. "ನೀವೇ ಮಾತಾಡ್ಕಳ್ತೀರಲ್ಲ, ಇನ್ನು ನಂದೇನು ಕೆಲಸ ಇಲ್ಲಿ" ಎಂದು ನಗುತ್ತಲೇ ಹೇಳಿ ಒಳಗೆ ಹೋದರು. ಅಡಿಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ದೀಪ ಹಚ್ಚಿದ ಮೇಲೆ ಇಲ್ಲ ಎನ್ನದ ಮನೆಯಲ್ಲಿ ಹೊಸಿಲ ಪಕ್ಕದ ಆ ಜಾಗ ಖಾಲಿ ಕಂಡಿತು.

ಮಾವನವರು ಪಾಠ ಮುಂದುವರಿಸಿದರು. ನನಗೆ ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಹೇಳುವುದು ಕಷ್ಟ. ಚಾಪೆಯಿಂದ ಎದ್ದೆ, ಬಾಗಿಲ ಮರೆಗೆ ಹೋಗಿ ಕೂತೆ, ಸೆರಗು ತಲೆಯ ಮೇಲೆ ಎಳೆದುಕೊಂಡೆ, ಅಡಿಗೆಮನೆಗೆ ಕೇಳುವಂತೆ ಕೂಗಿದೆ.

"ಅತ್ತೇ, ಮಾವನವರು ಏನೋ ಕೇಳ್ತಾ ಅವ್ರೆ. ನಂಗೆ ಕೇಳಿಸ್ತಿಲ್ಲ, ಬರ್ರಿ ಇಲ್ಲಿ."

ಮಾವನವರು ಪುಸ್ತಕದಿಂದ ತಲೆ ಎತ್ತಿದರು. ನಾನು ಅವರ ಕಡೆ ನೋಡಲಿಲ್ಲ. ಮೇಷ್ಟ್ರಾಗಿದ್ದವರು, ತಡವಾಗಿ ಅರ್ಥವಾಗುವ ಹುಡುಗರನ್ನು ಕಂಡವರು. ಪುಸ್ತಕ ಮುಚ್ಚಿ ಎದ್ದರು, ಬೆಂಚನ್ನು ಎಳೆದು ಮತ್ತೆ ಬೀದಿಯ ಕಡೆಗೆ ತಿರುಗಿಸಿದರು.

"ಲೇ, ಎಲ್ಲಿದ್ದೀಯೇ? ಬಾ ಬೇಗ. ಆ ಹುಡುಗೀಗೆ ಹೇಳು."

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ನನ್ನನ್ನು ನೋಡಿದರು, ಬೆಂಚಿನ ಕಡೆ ನೋಡಿದರು, ಹೊಸಿಲಿಗೆ ಆತುಕೊಂಡು ಕೂತು ಬುಟ್ಟಿ ಮಡಿಲಿಗೆ ಎಳೆದುಕೊಂಡರು.

"ಏನ್ರಿ, ಇವತ್ತು ಸೋಡಿಯಮ್ಮು ಬಂದೈತಾ?" ಎಂದು ಕೇಳಿದರು.

"ಬಂದೈತೆ ಕಣೇ, ಕೇಳು" ಎಂದು ಮಾವನವರು ಶುರು ಮಾಡಿದರು. ಅಂದು ಒಲೆಯ ಮೇಲಿನ ಅನ್ನ ತಳ ಹಿಡಿಯಿತು, ಮೂವರೂ ಅದನ್ನೇ ಉಂಡೆವು.